ಫೈಲ್ ಗುಮಾಸ್ತನ ಚಿತ್ರಕಥೆಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘಟಕರು ನನಗೆ ಕೊಡಲು ಹೊರಟಿದ್ದ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶ’. ಅದರ ಬಗ್ಗೆ ಮಾತಾಡುವವರು ಇವತ್ತು ಇನ್ನೂ ಇಬ್ಬರಿದ್ದಾರೆ. ಹಾಗಾಗಿ ನಾನು ಕಾಮಿಕ್ಸ್ ಬಗ್ಗೆ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ಬಿ.ಇ. ಓದಿದವನಿಗೆ ಕಾಮಿಕ್ಸ್ ಯಾಕೆ ಎಂದು ನಿಮಗೆ ನಗು ಬರಬಹುದು. ಹತ್ತು ನಿಮಿಷ ಕೇಳಿ, ಆಮೇಲೆ ನಗಿ.

ಕಾಮಿಕ್ಸ್ ಎಂದರೆ ನಮಗೆ ನೆನಪಾಗುವುದು ಬಾಲಮಂಗಳದ ಡಿಂಗ, ಫ್ಯಾಂಟಮ್, ಅಮರ ಚಿತ್ರಕಥೆಯ ರಾಜರು. ಅಮರ ಚಿತ್ರಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಆ ಕಥೆಗಳ ನಾಯಕರು ಹಾರುತ್ತಾರೆ, ಯುದ್ಧ ಗೆಲ್ಲುತ್ತಾರೆ. ನಾನು ಇವತ್ತು ಹೇಳುವ ಕಾಮಿಕ್ಸ್‌ನ ನಾಯಕ ಅಂಗಡಿಯ ಕ್ಯೂನಲ್ಲಿ ನಿಲ್ಲುತ್ತಾನೆ, ಚಳಿಯಲ್ಲಿ ನಡುಗುತ್ತಾನೆ, ಸಹೋದ್ಯೋಗಿಯ ಹರಟೆ ಕೇಳುತ್ತಾನೆ. ಅದನ್ನು ಬರೆದವರು ಅಮೆರಿಕದ ಹಾರ್ವಿ ಪೀಕರ್.

ಪೀಕರ್ ಹುಟ್ಟಿದ್ದು 1939ರಲ್ಲಿ, ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ತಂದೆ ತಾಯಿ ಪೋಲೆಂಡಿನಿಂದ ವಲಸೆ ಬಂದ ಯಹೂದಿಗಳು, ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದವರು. ಮಗ ಕಾಲೇಜನ್ನು ಅರ್ಧಕ್ಕೇ ಬಿಟ್ಟ. ಸಿಕ್ಕ ಕೆಲಸ ಮಾಡುತ್ತಾ 1965ರಲ್ಲಿ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಯಲ್ಲಿ ಫೈಲ್ ಗುಮಾಸ್ತನಾಗಿ ಸೇರಿಕೊಂಡ. ರೋಗಿಗಳ ಕಡತ ಹುಡುಕಿ ಕೊಡುವುದು, ತಿರುಗಿ ಜೋಡಿಸುವುದು. 2001ರಲ್ಲಿ ನಿವೃತ್ತರಾಗುವವರೆಗೂ ಅದೇ ಕೆಲಸ. ಬಡ್ತಿ ಕೊಡುತ್ತೇವೆಂದರೂ ಒಪ್ಪಲಿಲ್ಲ.

ಅವರಿಗೆ ಜಾಝ್ ಸಂಗೀತದ ಹುಚ್ಚು. ಇಪ್ಪತ್ತರ ಹರೆಯದಲ್ಲೇ ಪತ್ರಿಕೆಗಳಿಗೆ ಸಂಗೀತ ವಿಮರ್ಶೆ ಬರೆಯಲು ಶುರು ಮಾಡಿದ್ದರು. ಹಳೆಯ ಗ್ರಾಮಫೋನ್ ರೆಕಾರ್ಡುಗಳ ನೆಪದಲ್ಲೇ 1962ರ ಸುಮಾರಿಗೆ ರಾಬರ್ಟ್ ಕ್ರಂಬ್ ಎಂಬ ಯುವಕನ ಸ್ನೇಹವಾಯಿತು. ಶುಭಾಶಯ ಪತ್ರಗಳ ಕಂಪನಿಯಲ್ಲಿ ಚಿತ್ರ ಬಿಡಿಸುತ್ತಿದ್ದ ಕ್ರಂಬ್ ಮುಂದೆ ಬಹು ದೊಡ್ಡ ವ್ಯಂಗ್ಯಚಿತ್ರಕಾರರಾದರು. ಅವರ ಕೆಲಸ ನೋಡುತ್ತಾ ಪೀಕರ್‌ಗೆ ಒಂದು ಯೋಚನೆ ಬಂತು: ಕಾಮಿಕ್ಸ್‌ನಲ್ಲಿ ಸಾಮಾನ್ಯ ಮನುಷ್ಯನ ದಿನಚರಿಯನ್ನು ಯಾಕೆ ಹೇಳಬಾರದು?

ತೊಂದರೆ ಏನೆಂದರೆ ಅವರಿಗೆ ಚಿತ್ರ ಬರುತ್ತಿರಲಿಲ್ಲ. ಹಾಳೆಯ ಮೇಲೆ ಚೌಕಗಳನ್ನು ಹಾಕಿ, ಒಳಗೆ ಕಡ್ಡಿ ಕೈಕಾಲಿನ ಗೊಂಬೆಗಳನ್ನು ಗೀಚಿ, ತಲೆಯ ಮೇಲೆ ಮಾತು ಬರೆದರು. 1972ರಲ್ಲಿ ಅದನ್ನು ಕ್ರಂಬ್‌ಗೆ ತೋರಿಸಿದಾಗ, ನಾನು ಬಿಡಿಸಿಕೊಡುತ್ತೇನೆ ಎಂದರು ಅವರು. 1976ರಲ್ಲಿ ಪೀಕರ್ ತಮ್ಮ ಸಂಬಳದ ಹಣ ಹಾಕಿ ‘ಅಮೆರಿಕನ್ ಸ್ಪ್ಲೆಂಡರ್’ ಎಂಬ ಕಾಮಿಕ್ಸ್‌ನ ಮೊದಲ ಸಂಚಿಕೆ ಅಚ್ಚು ಹಾಕಿಸಿದರು. ಮುಂದೆ ಸುಮಾರು ವರ್ಷಕ್ಕೊಂದು ಸಂಚಿಕೆ, ಅದೂ ಸ್ವಂತ ಖರ್ಚಿನಲ್ಲಿ.

ನಮ್ಮ ಕಂಪನಿಗಳಲ್ಲಿ ಒಬ್ಬರು ವಿನ್ಯಾಸ ಬರೆದುಕೊಟ್ಟರೆ ಇನ್ನೊಬ್ಬರು ಕೋಡ್ ಬರೆಯುತ್ತಾರೆ. ಪೀಕರ್ ಮಾಡಿದ್ದೂ ಅದೇ. ಯಾವ ಚೌಕದಲ್ಲಿ ಮಾತು, ಯಾವುದರಲ್ಲಿ ಮೌನ ಎಂಬುದನ್ನು ತಾವೇ ನಿರ್ಧರಿಸಿ ಬೇರೆ ಬೇರೆ ಕಲಾವಿದರಿಗೆ ಕೊಡುತ್ತಿದ್ದರು. ಹಾಗಾಗಿ ಒಂದು ಕಥೆಯಲ್ಲಿ ಅವರ ಮುಖ ಒಂದು ಥರ, ಇನ್ನೊಂದರಲ್ಲಿ ಬೇರೆ ಥರ. ಒಂದು ಕಥೆಯಂತೂ ತಮ್ಮದೇ ಹೆಸರಿನ ಬೇರೆಯವರು ಟೆಲಿಫೋನ್ ಡೈರೆಕ್ಟರಿಯಲ್ಲಿ ಸಿಕ್ಕಿದ್ದರ ಬಗ್ಗೆ. ತಮ್ಮ ಜಿಪುಣತನ, ಸಿಡುಕು, ಒಂಟಿತನ ಯಾವುದನ್ನೂ ಅವರು ಮುಚ್ಚಿಡಲಿಲ್ಲ.

ಡೆಲವೇರ್‌ನ ಕಾಮಿಕ್ಸ್ ಅಂಗಡಿಯ ಜಾಯ್ಸ್ ಬ್ರಾಬ್ನರ್ ಎಂಬ ಹೆಣ್ಣುಮಗಳಿಗೆ ಒಂದು ಸಂಚಿಕೆ ಓದಲು ಸಿಗಲಿಲ್ಲ, ಮಾರಾಟವಾಗಿ ಹೋಗಿತ್ತು. ನೇರ ಲೇಖಕರಿಗೇ ಕಾಗದ ಬರೆದರು. ಕಾಗದದಿಂದ ಪರಿಚಯ, ಪರಿಚಯದಿಂದ ಮದುವೆ. 1990ರಲ್ಲಿ ಪೀಕರ್‌ಗೆ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆಯ ಆ ದಿನಗಳನ್ನು ಗಂಡ ಹೆಂಡತಿ ಸೇರಿ ಬರೆದರು, ಫ್ರ್ಯಾಂಕ್ ಸ್ಟ್ಯಾಕ್ ಚಿತ್ರ ಬಿಡಿಸಿದರು. ‘ಅವರ್ ಕ್ಯಾನ್ಸರ್ ಇಯರ್’ 1994ರಲ್ಲಿ ಪುಸ್ತಕವಾಗಿ ಬಂತು. ಅದರ ಹೆಸರಲ್ಲೇ ನೋಡಿ, ‘ನನ್ನ’ ಅಲ್ಲ, ‘ನಮ್ಮ’.

ನಾನು ಪೀಕರ್ ಅವರನ್ನು ಮೆಚ್ಚಿದ್ದು ಈ ಪುಸ್ತಕದಿಂದ. ನಮ್ಮ ದೊಡ್ಡಮ್ಮನಿಗೆ ಇದೇ ಕಾಯಿಲೆ ಬಂದಿತ್ತು. ಮನೆಯಲ್ಲಿ ಯಾರೂ ಅದರ ಹೆಸರು ಎತ್ತುತ್ತಿರಲಿಲ್ಲ, ‘ಆ ಕಾಯಿಲೆ’ ಎಂದಷ್ಟೇ ಪಿಸುಗುಡುತ್ತಿದ್ದರು. ದೊಡ್ಡಮ್ಮನಿಗೆ ನೋವಿನ ಜೊತೆ ಈ ಮೌನವನ್ನೂ ಸಹಿಸಬೇಕಾಯಿತು. ಅವರು ಹೋಗಿ ಆರು ವರ್ಷವಾದ ಮೇಲೆ ಈ ಪುಸ್ತಕ ಓದಿದೆ. ಕೂದಲು ಉದುರುವುದು, ಭಯ, ಹೆಂಡತಿಯ ದಣಿವು, ಜಗಳ, ಎಲ್ಲ ಅದರಲ್ಲಿದೆ. ಹೇಳಿಕೊಂಡರೆ ಕಾಯಿಲೆ ವಾಸಿಯಾಗುವುದಿಲ್ಲ. ಆದರೆ ಕಾಯಿಲೆಯವರು ಒಂಟಿಯಾಗುವುದಿಲ್ಲ.

ಪೀಕರ್ ಅಲ್ಲಿಗೇ ನಿಲ್ಲಲಿಲ್ಲ. ತಮ್ಮ ಬಾಲ್ಯದ ಬಗ್ಗೆ ‘ದಿ ಕ್ವಿಟರ್’ ಬರೆದರು. ವಿದ್ಯಾರ್ಥಿ ಚಳವಳಿಯ ಇತಿಹಾಸವನ್ನೂ, ಬೀಟ್ ಪಂಥದ ಕವಿಗಳ ಬದುಕನ್ನೂ ಕಾಮಿಕ್ಸ್ ಆಗಿಸಿದರು. ದುಡಿಯುವ ಜನರ ಮಾತುಗಳನ್ನು ಸ್ಟಡ್ಸ್ ಟರ್ಕೆಲ್ ಸಂಗ್ರಹಿಸಿದ್ದ ‘ವರ್ಕಿಂಗ್’ ಪುಸ್ತಕಕ್ಕೂ ಚಿತ್ರರೂಪ ಕೊಟ್ಟರು. ರೇಡಿಯೊಗೆ ಪ್ರಬಂಧ ಓದಿದರು. 2003ರಲ್ಲಿ ಅವರ ಬದುಕಿನ ಮೇಲೆ ಬಂದ ಸಿನಿಮಾ ಸನ್‌ಡಾನ್ಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದಿತು. 2010ರಲ್ಲಿ ತೀರಿಕೊಂಡರು. ತಮ್ಮ ಊರಿನ ಬಗ್ಗೆ ಬರೆದ ‘ಕ್ಲೀವ್‌ಲ್ಯಾಂಡ್’ ಪ್ರಕಟವಾಗಿದ್ದು ಅವರ ಮರಣಾನಂತರ, 2012ರಲ್ಲಿ.

ಇದನ್ನೆಲ್ಲ ಇಲ್ಲಿ ಹೇಳಲು ಕಾರಣವಿದೆ. ಕಲೆಗಾಗಿ ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ. ಪೀಕರ್ ಕೂಡ ಬಿಡಲಿಲ್ಲ. ಕಾಮಿಕ್ಸ್‌ನಿಂದ ಹೊಟ್ಟೆ ತುಂಬುವುದಿಲ್ಲ ಎಂದು ಗೊತ್ತಿದ್ದೇ, ಸಂಬಳ ಬರುವ ನೌಕರಿ ಉಳಿಸಿಕೊಂಡು ಬರೆದರು. ಕೆಲಸ ಇದ್ದುದರಿಂದ ಯಾರಿಗೂ ಇಷ್ಟವಾಗುವಂತೆ ಬರೆಯುವ ಹಂಗಿರಲಿಲ್ಲ. ಬರೆಯಲು ಬೇಕಾದ ಜನರೂ ಆ ಆಫೀಸಿನಲ್ಲೇ ಸಿಕ್ಕರು.

ನಮ್ಮ ಬ್ಯಾಚಿನಲ್ಲಿ ಅರ್ಧ ತರಗತಿಯ ವಿಜ್ಞಾನ ರೆಕಾರ್ಡಿಗೆ ಚಿತ್ರ ಬಿಡಿಸಿಕೊಟ್ಟ ಗೆಳೆಯನೊಬ್ಬ ಈಗ ಬೈಕ್ ಗ್ಯಾರೇಜ್ ನಡೆಸುತ್ತಾನೆ. ಅಗೋ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಬೆಳಿಗ್ಗೆ ಕೇಳಿದೆ, ‘ಚಿತ್ರ ಬಿಡಿಸ್ತೀಯೇನೋ?’ ‘ಯಾರಿಗೋಸ್ಕರ ಬಿಡಿಸ್ಲಿ ಮಾರಾಯಾ?’ ಅಂದ. ಈ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಒಂದು ಎ4 ಹಾಳೆಯಷ್ಟು.

ಮಕ್ಕಳೇ, ಒಂದು ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಚ್ಚಿದರೆ ಎಂಟು ಚೌಕಗಳಾಗುತ್ತವೆ. ನಡುವಿನ ಮಡಿಕೆಯಲ್ಲಿ ಒಂದೇ ಒಂದು ಕಡೆ ಕತ್ತರಿಸಿ ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಕ. ಒಂದೇ ಬದಿಗೆ ಜೆರಾಕ್ಸ್ ಮಾಡಿಸಿದರೆ ಸಾಕು. ಸಂತೆಯಲ್ಲಿ ಅಮ್ಮ ಚೌಕಾಸಿ ಮಾಡಿದ್ದು, ಬಸ್ ತಪ್ಪಿದ್ದು, ಅಜ್ಜಿ ಆಸ್ಪತ್ರೆಗೆ ಹೋಗಿದ್ದು, ಏನಾದರೂ ಬರೆಯಿರಿ. ಚಿತ್ರ ಬಾರದಿದ್ದರೆ ಕಡ್ಡಿ ಗೊಂಬೆ ಹಾಕಿ, ಬಿಡಿಸಲು ಬರುವವರಿಗೆ ಕೊಡಿ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಪ್ರತಿ ತಿಂಗಳು ಒಂದು ಪುಸ್ತಕ, ನೂರು ಪ್ರತಿ, ಜೆರಾಕ್ಸ್ ಖರ್ಚು ನನ್ನದು. ಮೊದಲ ಸಂಚಿಕೆಗೆ ಚಿತ್ರ ಯಾರದು ಎಂದು ಹಿಂದಿನ ಸಾಲಿನ ಗ್ಯಾರೇಜ್ ಮಾಲೀಕರನ್ನೇ ಕೇಳೋಣ.