ಚಂದ್ರನನ್ನು ಹೆಚ್ಚು ಎಳೆಯೋದು ಯಾರು?

ಚಂದ್ರನನ್ನು ಹೆಚ್ಚು ಎಳೆಯೋದು ಭೂಮಿಯೋ, ಸೂರ್ಯನೋ? ಭೂಮಿ ಅಂತಲೇ ನಾನೂ ಬಹಳ ದಿನ ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಸೂರ್ಯನ ಸೆಳೆತ ಭೂಮಿಯದಕ್ಕಿಂತ ಸುಮಾರು 2.2 ಪಟ್ಟು!

ಭೂಮಿಯದನ್ನು 1 ಅಂತಿಟ್ಟುಕೊಳ್ಳಿ. ಹುಣ್ಣಿಮೆಗೆ ಎರಡು ಸೆಳೆತವೂ ಒಂದೇ ದಿಕ್ಕಿಗೆ, ಕೂಡಿದರೆ 3.2. ಅಮಾವಾಸ್ಯೆಗೆ ವಿರುದ್ಧ ದಿಕ್ಕು, ಕಳೆದರೆ 1.2, ಅದೂ ಸೂರ್ಯನ ಕಡೆಗೇ. ಅರ್ಧಚಂದ್ರನ ದಿನ ಎರಡರ ನಡುವೆ 90 ಡಿಗ್ರಿ. ಇಂಥ ಲೆಕ್ಕದಲ್ಲೇ ನಾನು ಪರೀಕ್ಷೆಯಲ್ಲಿ ಸುಮ್ಮನೆ ಕೂಡಿಬಿಟ್ಟು ಅಂಕ ಕಳಕೊಂಡಿದ್ದು. ಬಲ ಅಂದರೆ ಸದಿಶ, ಅದಕ್ಕೆ ದಿಕ್ಕೂ ಇದೆಯಲ್ಲ! ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 2.4.

ಹಾಗಾದರೆ ಚಂದ್ರ ನಮ್ಮನ್ನು ಬಿಟ್ಟು ಹೋಗಲ್ವಾ? ಇಲ್ಲ. ಭೂಮಿಯೂ ಹೆಚ್ಚುಕಡಿಮೆ ಅಷ್ಟೇ ವೇಗೋತ್ಕರ್ಷದಲ್ಲಿ ಸೂರ್ಯನ ಕಡೆ ಬಾಗುತ್ತಾ ಜೊತೆಗೇ ಸಾಗ್ತಿದೆ.