ಹಗೆಯ ಮನೆಯ ಕಣ್ಣೀರು



ನಮ್ಮ ದೇಶಕ್ಕೆ ರಾಮಾಯಣ ಮಹಾಭಾರತಗಳು ಹೇಗೋ, ಗ್ರೀಸ್ ದೇಶಕ್ಕೆ ಹೋಮರ್ ಮಹಾಕವಿಯ ಇಲಿಯಡ್ ಮತ್ತು ಒಡಿಸ್ಸಿ ಹಾಗೆ. ಇವು ಕ್ರಿ.ಪೂ. 8ನೆಯ ಶತಮಾನದ ಸುಮಾರಿಗೆ ರೂಪುಗೊಂಡವೆಂದು ವಿದ್ವಾಂಸರು ಹೇಳುತ್ತಾರೆ. ಇಲಿಯಡ್ ಕಾವ್ಯವು ಕೋಪವೆಂಬ ಅರ್ಥದ ಶಬ್ದದಿಂದಲೇ ಪ್ರಾರಂಭವಾಗುತ್ತದೆ. ಹತ್ತು ವರ್ಷ ನಡೆದ ಯುದ್ಧದ ಕಥೆ; ಟ್ರಾಯ್ ಪಟ್ಟಣ ಬಿದ್ದ ಜಯಭೇರಿಯಲ್ಲಿ ಮುಗಿಯಬೇಕಾಗಿತ್ತಲ್ಲವೇ? ಹಾಗಾಗಲಿಲ್ಲ. ಶತ್ರುಪಕ್ಷದ ಒಬ್ಬ ವೀರನ ಶವಸಂಸ್ಕಾರದಲ್ಲಿ ಅದು ಮುಗಿಯುತ್ತದೆ. ಕೋಪದಲ್ಲಿ ಹುಟ್ಟಿದ ಕಾವ್ಯ ಕಣ್ಣೀರಿನಲ್ಲಿ ಶಾಂತವಾದುದು ಹೇಗೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಅಕಿಲೀಸನು ಗ್ರೀಕರ ಮಹಾವೀರ. ಅವನ ಪ್ರಾಣಸ್ನೇಹಿತನನ್ನು ಟ್ರಾಯ್‌ನ ರಾಜಕುಮಾರ ಹೆಕ್ಟರ್ ಕೊಂದನು. ಅಕಿಲೀಸನು ಹೆಕ್ಟರನನ್ನು ಕೊಂದು ಸೇಡು ತೀರಿಸಿಕೊಂಡನು. ಆದರೆ ಕೊಂದರೂ ಕೋಪ ತಣಿಯಲಿಲ್ಲ. ಹೆಣವನ್ನು ರಥಕ್ಕೆ ಕಟ್ಟಿ ಧೂಳಿನಲ್ಲಿ ಎಳೆದಾಡಿದನು. ಎಳೆದಷ್ಟೂ ಅವನ ದುಃಖ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಆಗ ಹೆಕ್ಟರನ ತಂದೆ, ಮುದಿ ಅರಸ ಪ್ರಯಾಮನು ರಾತ್ರಿಯ ಹೊತ್ತು ಗಾಡಿಯಲ್ಲಿ ಒಪ್ಪಿಸುವ ಧನವನ್ನು ಹೇರಿಕೊಂಡು ಶತ್ರುವಿನ ಬಿಡಾರಕ್ಕೇ ಬಂದನು. ಬಂದು ಏನು ಮಾಡಿದನು? ಮಕ್ಕಳನ್ನು ಕೊಂದ ಆ ಕೈಗಳನ್ನೇ ಹಿಡಿದು ಮುತ್ತಿಟ್ಟನು; ‘ನಿನ್ನ ತಂದೆಯನ್ನು ನೆನೆದುಕೋ’ ಎಂಬ ಭಾವದಿಂದ ಬೇಡಿದನು. ಅಕಿಲೀಸನಿಗೆ ಊರಲ್ಲಿ ಒಂಟಿಯಾಗಿರುವ ತನ್ನ ಮುದಿತಂದೆ ನೆನಪಾದನು. ಇಬ್ಬರೂ ಕೂಡಿ ಅತ್ತರು. ಒಬ್ಬ ಮಗನಿಗಾಗಿ ಅತ್ತರೆ, ಇನ್ನೊಬ್ಬ ತಂದೆಗಾಗಿ, ಗೆಳೆಯನಿಗಾಗಿ ಅತ್ತನು. ಅಕಿಲೀಸನು ಶವವನ್ನು ತೊಳೆಸಿ ಒಪ್ಪಿಸಿದನು, ಮುದುಕನಿಗೆ ಊಟ ಹಾಕಿದನು, ಸಂಸ್ಕಾರಕ್ಕಾಗಿ ಹನ್ನೊಂದು ದಿನ ಯುದ್ಧ ನಿಲ್ಲಿಸುವ ಮಾತು ಕೊಟ್ಟನು.

ಗಮನಿಸಿರಿ, ಯುದ್ಧ ಮುಗಿಯಲಿಲ್ಲ. ಹನ್ನೆರಡನೆಯ ದಿನ ಮತ್ತೆ ಕಾಳಗ ಉಂಟು. ಅವರು ಮಿತ್ರರೂ ಆಗಲಿಲ್ಲ. ಆದರೆ ಹಗೆಯ ಮನೆಯಲ್ಲಿಯೂ ಒಬ್ಬ ತಂದೆ ಇದ್ದಾನೆಂಬ ಅರಿವು ಹುಟ್ಟಿತು. ರಾವಣನು ಸತ್ತ ಮೇಲೆ ಅವನ ಸಂಸ್ಕಾರ ಮಾಡೆಂದು ಶ್ರೀರಾಮನು ವಿಭೀಷಣನಿಗೆ ಹೇಳಿದುದು ಇದೇ ಧರ್ಮ.

ಗ್ರೀಕರ ನಾಟಕಕಾರರು ಈ ಅರಿವನ್ನು ಮುಂದೆ ಒಯ್ದರು. ಕ್ರಿ.ಪೂ. 480ರಲ್ಲಿ ಪಾರಸಿಕರ ಸೈನ್ಯ ಅಥೆನ್ಸ್ ನಗರವನ್ನು ಸುಟ್ಟಿತು. ಅದೇ ವರ್ಷ ಸಲಾಮಿಸ್ ಕಡಲ ಕಾಳಗದಲ್ಲಿ ಗ್ರೀಕರು ಗೆದ್ದರು. ಎಂಟು ವರ್ಷಗಳ ಮೇಲೆ, ಕ್ರಿ.ಪೂ. 472ರಲ್ಲಿ, ಈಸ್ಕಿಲಸ್ ಕವಿ ‘ಪಾರಸಿಕರು’ ನಾಟಕವನ್ನು ಆಡಿಸಿದನು. ಈತ ಮ್ಯಾರಥಾನ್ ರಣರಂಗದಲ್ಲಿ ಸ್ವತಃ ಕಾದಾಡಿದ ಯೋಧ. ಆದರೂ ನಾಟಕ ನಡೆಯುವುದು ಶತ್ರುವಿನ ರಾಜಧಾನಿಯಲ್ಲಿ. ಅಲ್ಲಿ ಮಗನ ದಾರಿ ಕಾಯುವ ರಾಜಮಾತೆ, ಸತ್ತವರ ಹೆಸರು ಹೇಳಿ ಗೋಳಿಡುವ ಹಿರಿಯರು. ಮನೆ ಸುಡಿಸಿಕೊಂಡ ಜನ ಕುಳಿತು ಸುಟ್ಟವರ ಗೋಳನ್ನು ಕೇಳಿದರು, ಆ ನಾಟಕಕ್ಕೆ ಪ್ರಥಮ ಬಹುಮಾನವನ್ನೂ ಕೊಟ್ಟರು! ಇದನ್ನು ನಮ್ಮ ಬಿ.ಎಂ. ಶ್ರೀಕಂಠಯ್ಯನವರು 1935ರಲ್ಲಿ ಕನ್ನಡಕ್ಕೆ ತಂದರು. ಅವರ ‘ಅಶ್ವತ್ಥಾಮನ್’ ನಾಟಕಕ್ಕೂ ಸಾಫೊಕ್ಲಿಸನ ‘ಅಯಾಸ್’ ಮೂಲ. ಆ ಮೂಲದಲ್ಲಿ, ತನ್ನ ಕಡುವೈರಿಯ ಶವಕ್ಕೆ ಸಂಸ್ಕಾರ ಸಲ್ಲಬೇಕೆಂದು ಒಡಿಸ್ಯೂಸನೇ ವಾದಿಸುತ್ತಾನೆ.

ಆದರೆ ಕೇಳಿದವರೆಲ್ಲ ಕಲಿತರೇ? ಇಲ್ಲ. ಅದೇ ಅಥೆನ್ಸಿನ ಜನ ಮುಂದೆ ಮೆಲೋಸ್ ಎಂಬ ಸಣ್ಣ ದ್ವೀಪವನ್ನು ಮುತ್ತಿ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ದಾಸರನ್ನಾಗಿ ಮಾರಿದರು. ಯೂರಿಪಿಡೀಸನು ಕ್ರಿ.ಪೂ. 415ರಲ್ಲಿ ‘ಟ್ರಾಯ್‌ನ ಸ್ತ್ರೀಯರು’ ನಾಟಕವನ್ನು ಅವರ ಮುಂದಿಟ್ಟನು. ಹೆಕ್ಟರನ ಕೂಸನ್ನು ಗೆದ್ದವರು ಕೋಟೆಯಿಂದ ಎಸೆದು ಕೊಲ್ಲುತ್ತಾರೆ. ಅಜ್ಜಿಯು ಆ ಕೂಸನ್ನು ತಂದೆಯ ಗುರಾಣಿಯಲ್ಲಿಟ್ಟು ಕಳುಹಿಸುತ್ತಾಳೆ. ಅದೇ ವರ್ಷ ಅಥೆನ್ಸ್ ಸಿಸಿಲಿಯ ಮೇಲೆ ದಂಡೆತ್ತಿ ಹೋಗಿ, ಎರಡು ವರ್ಷಗಳಲ್ಲಿ ಆ ದಂಡನ್ನೆಲ್ಲ ಕಳೆದುಕೊಂಡಿತು. ಅಲೆಕ್ಸಾಂಡರನು ಇಲಿಯಡ್ಡನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಗಾಜಾ ಪಟ್ಟಣದ ದಳಪತಿಯನ್ನು ಅಕಿಲೀಸನಂತೆಯೇ ರಥಕ್ಕೆ ಕಟ್ಟಿ ಎಳೆಸಿದನೆಂದು ರೋಮಿನ ಕರ್ಟಿಯಸ್ ಬರೆದಿದ್ದಾನೆ. ಅದು ನಿಜವಾದರೆ, ಹೆಣ ಎಳೆದ ಪುಟವನ್ನು ಓದಿದವನು ಅತ್ತ ಪುಟವನ್ನು ಓದಲಿಲ್ಲವೆಂದೇ ಹೇಳಬೇಕು. ಗ್ರಂಥ ದಿಂಬಿನ ಕೆಳಗಿದ್ದರೆ ಸಾಲದು, ಎದೆಯೊಳಗೆ ಇಳಿಯಬೇಕು.

ಕಾಲ ಉರುಳಿತು. ರೋಮನ್ನರು ಆಳಿದರು, 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು, 1821ರಲ್ಲಿ ಗ್ರೀಕರು ಸ್ವಾತಂತ್ರ್ಯಕ್ಕಾಗಿ ಎದ್ದರು. 1919ರಲ್ಲಿ ಅವರ ಸೈನ್ಯ ಸ್ಮಿರ್ನಾ ಬಂದರಿನಲ್ಲಿ ಇಳಿಯಿತು. ಅದು ಟ್ರಾಯ್ ಇದ್ದ ಕರಾವಳಿಯೇ. ಹೋಮರ್ ತನ್ನ ಮಗನೆಂದು ಹೇಳಿಕೊಳ್ಳುವ ಊರು. 1922ರಲ್ಲಿ ಗ್ರೀಕರು ಸೋತರು, ಸ್ಮಿರ್ನಾ ಹೊತ್ತಿ ಉರಿಯಿತು. 1923ರಲ್ಲಿ ಎರಡು ಸರ್ಕಾರಗಳೂ ಮತವನ್ನು ನೋಡಿ ಜನರನ್ನು ಅದಲುಬದಲು ಮಾಡುವ ಒಪ್ಪಂದಕ್ಕೆ ಬಂದವು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ, ನಾಲ್ಕು ಲಕ್ಷದಷ್ಟು ಮುಸಲ್ಮಾನರು ತುರ್ಕಿಗೆ ಸೇರಿದರು. 1947ನ್ನು ಕಂಡ ನಮ್ಮ ದೇಶಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಆ ನಾಡಿನಲ್ಲಿ ಹುಟ್ಟಿ ನೆಲೆ ಕಳೆದುಕೊಂಡ ದಿದೋ ಸೋತಿರಿಯು ಎಂಬ ತಾಯಿ 1962ರಲ್ಲಿ ಒಂದು ಕಾದಂಬರಿ ಬರೆದಳು. ಅದರ ಕೊನೆಯಲ್ಲಿ ಊರು ಬಿಟ್ಟು ಓಡಿದ ರೈತನು ಎದುರು ದಂಡೆಯ ತುರ್ಕನನ್ನು ಕುರಿತು, ಹುಟ್ಟಿದ ಮಣ್ಣಿಗೆ ನಮಸ್ಕಾರ ಹೇಳಿ ಕಳುಹಿಸುತ್ತಾನೆ. ಮತ್ತೆ ಪ್ರಯಾಮನೇ ಮಾತನಾಡಿದಂತಿದೆ!

1999ರ ಆಗಸ್ಟಿನಲ್ಲಿ ತುರ್ಕಿಯಲ್ಲಿ ಭೂಕಂಪವಾದಾಗ ಗ್ರೀಕರು ನೆರವಿಗೆ ಓಡಿಬಂದರು. ಮರುತಿಂಗಳೇ ಅಥೆನ್ಸ್ ನಡುಗಿದಾಗ ತುರ್ಕರು ಓಡಿಬಂದು ಕಲ್ಲುಮಣ್ಣಿನ ಅಡಿಯಲ್ಲಿ ಸಿಕ್ಕವರನ್ನು ಹುಡುಕಿದರು. ಅವರ ವ್ಯಾಜ್ಯಗಳೆಲ್ಲ ತೀರಲಿಲ್ಲ. ಆದರೆ ಹೆಣ ಎಳೆಯುವ ಕೈ ಹೆಣ ಎತ್ತುವ ಕೈಯಾಯಿತು.

ಬಂಧುಗಳೇ, ನಮ್ಮ ಊರುಗಳಲ್ಲಿ ಮೊಳದಗಲ ಬದುವಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಒಬ್ಬರ ಮನೆಯ ಮಣ್ಣಿಗೆ ಇನ್ನೊಬ್ಬರು ಹೋಗುವುದಿಲ್ಲ. ವ್ಯಾಜ್ಯ ನಡೆಯಲಿ, ನ್ಯಾಯ ಕೇಳುವುದು ತಪ್ಪಲ್ಲ. ಆದರೆ ಆ ಮನೆಯಲ್ಲಿ ಸಾವಾದ ದಿನ ಹೋಗಿ ಹೆಗಲು ಕೊಡಿರಿ. ಹನ್ನೊಂದು ದಿನವಾದರೂ ಹಗೆಯನ್ನು ಕೆಳಗಿಡಿರಿ. ಹನ್ನೆರಡನೆಯ ದಿನ ಅದನ್ನು ಮತ್ತೆ ಎತ್ತಿಕೊಳ್ಳಲು ನಿಮಗೆ ಮನಸ್ಸು ಬಾರದೆ ಹೋದೀತು. ಆ ಮನಸ್ಸು ನಿಮಗೆಲ್ಲ ಬರಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.