ಬಲ್ಮಠದ ಗುಡ್ಡದ ಮೇಲಿನ ಸಭೆ



ಮಂಗಳೂರು ಹಂಚು ಎಂದರೆ ಯಾರಿಗೆ ಗೊತ್ತಿಲ್ಲ? ಹಳೆಯ ಮನೆಯ ಮಾಡಿನಿಂದ ಒಂದು ಹಂಚನ್ನು ಇಳಿಸಿ ಮಗುಚಿ ನೋಡಿ. ಎಷ್ಟೋ ಹಂಚುಗಳ ಮೇಲೆ ‘ಬಾಸೆಲ್ ಮಿಶನ್’ ಎಂಬ ಅಚ್ಚು ಇರುತ್ತದೆ, ಜೊತೆಗೆ 1865 ಎಂಬ ಇಸವಿ. ಹಂಚಿನ ಕಥೆ ಬೇಕಾದಷ್ಟು ಮಂದಿ ಹೇಳಿದ್ದಾರೆ. ಆ ಹಂಚಿಗೆ ಮಣ್ಣು ಹದ ಮಾಡಿದವರು, ಮಗ್ಗದಲ್ಲಿ ಬಟ್ಟೆ ನೇಯ್ದವರು, ಅಚ್ಚುಮೊಳೆ ಜೋಡಿಸಿದವರು ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗುತ್ತಿದ್ದರು, ಏನನ್ನು ಬಿಟ್ಟು ಅಲ್ಲಿಗೆ ಬಂದಿದ್ದರು ಎಂಬುದು ಅಷ್ಟಾಗಿ ಕೇಳಿಬರುವುದಿಲ್ಲ. ಇಂದಿನ ಮಾತು ಅವರ ಬಗ್ಗೆ.

ಹಂಪನಕಟ್ಟೆಯಿಂದ ಪೂರ್ವಕ್ಕೆ ಏರಿದರೆ ಬಲ್ಮಠ ಸಿಗುತ್ತದೆ. ಈಗ ಅದು ನಗರದ ನಡು. ನೂರೈವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಬಂದರು, ಪೇಟೆಗಳ ಗದ್ದಲಕ್ಕೆ ದೂರವಾದ, ಊರ ಹೊರಗಿನ ಗುಡ್ಡ ಅದು. ಊರು ಬೆಳೆದು ಗುಡ್ಡವನ್ನು ಒಳಗೆ ಎಳೆದುಕೊಂಡಿತು. ಆ ಗುಡ್ಡದ ಮೇಲೆ ಕೂಡಿದ ಪ್ರೊಟೆಸ್ಟೆಂಟ್ ಸಭೆಯನ್ನು ಊರು ಒಳಗೆ ಕರೆದುಕೊಳ್ಳಲು ಮಾತ್ರ ಹೆಚ್ಚು ಕಾಲ ಬೇಕಾಯಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಈ ಮಿಶನ್ ಸ್ಥಾಪನೆಯಾಯಿತು. ನೆಲ ಸ್ವಿಸ್ ದೇಶದ್ದಾದರೂ ಅಲ್ಲಿಂದ ಹೊರಟ ಪಾದ್ರಿಗಳಲ್ಲಿ ಬಹುಪಾಲು ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಈ ಸಂಗತಿ ನೆನಪಿನಲ್ಲಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ. 1833ರ ಚಾರ್ಟರ್ ಕಾಯಿದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್ ಕೊನೆಗೆ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರು ತಲುಪಿದರು. ಬಲ್ಮಠದ ಆಸ್ತಿ ಮಿಶನಿಗೆ ದೊರೆತದ್ದು 1840ರಲ್ಲಿ, ಅಂದಿನ ಕಲೆಕ್ಟರ್ ಬ್ಲೇರ್ ಅವರಿಂದ.

ಆ ಗುಡ್ಡದ ಮೇಲೆ ಏನೇನು ಬೆಳೆಯಿತು ನೋಡಿ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂತು. ಅದು ಕನ್ನಡದ ಮೊದಲ ಪತ್ರಿಕೆ. ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಅದರಿಂದಲೇ. 1847ರಲ್ಲಿ ಉಪದೇಶಿಗಳನ್ನು ತಯಾರು ಮಾಡುವ ಸೆಮಿನರಿ ಆರಂಭವಾಯಿತು. 1862ರಲ್ಲಿ, ಇಂದು ಶಾಂತಿ ಕೆಥೆಡ್ರಲ್ ಎಂದು ಹೆಸರಾದ ದೇವಾಲಯ ಎದ್ದಿತು.

ಕಟ್ಟಡ ಕಟ್ಟುವುದು ಸುಲಭ, ಸಭೆ ಕಟ್ಟುವುದು ಕಷ್ಟ. 1844ರ ಜನವರಿಯಲ್ಲಿ ಮಿಶನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ, ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ಕೋಲಾಹಲವೆದ್ದಿತು. ಅವರು ಬಾಸೆಲಿಗೆ ಹೋಗಿ ಓದಿ, ಪಾದ್ರಿಯ ಅಭಿಷೇಕ ಪಡೆದು, 1851ರಲ್ಲಿ ಮರಳಿದರು. ಅವರ ಹೆಸರು ಚರಿತ್ರೆಯ ಪುಟಗಳಲ್ಲಿ ಉಳಿಯಿತು. ಆದರೆ ಸಭೆಯ ಬೆಂಚುಗಳನ್ನು ತುಂಬಿದವರು ಬೇರೆ ಜನ. ತುಳುನಾಡಿನಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು.

ಬಿಲ್ಲವ ಕುಟುಂಬವೊಂದಕ್ಕೆ ಸಭೆ ಸೇರುವುದೆಂದರೆ ಪೂಜೆ ಬದಲಿಸುವುದಷ್ಟೇ ಆಗಿರಲಿಲ್ಲ. ಮೂರ್ತೆಯ ಕಸುಬು, ಅಂದರೆ ಕಳ್ಳು ಇಳಿಸುವ ಕೆಲಸ, ಮಿಶನಿಗೆ ಒಪ್ಪಿಗೆಯಿಲ್ಲ, ಅದನ್ನು ಬಿಡಬೇಕು. ಭೂತದ ಕೋಲಕ್ಕೆ ಹೋಗುವಂತಿಲ್ಲ. ಕೋಲಕ್ಕೆ ಹೋಗದವನಿಗೆ ಕುಟುಂಬದ ಮನೆಯಲ್ಲಿ ಯಾವ ಸ್ಥಾನ? ಮತಾಂತರದಿಂದ ಆಸ್ತಿಯ ಹಕ್ಕು ಹೋಗದು ಎಂದು 1850ರ ಕಾಯಿದೆ ಹೇಳಿತು, ನಿಜ. ಆದರೆ ಕಾಯಿದೆ ಕಾಗದದ ಮೇಲೆ. ನೆಂಟಸ್ತಿಕೆ, ಬಾವಿಯ ನೀರು, ಹೊಲದ ಕೆಲಸ ಎಲ್ಲವೂ ಊರವರ ಕೈಯಲ್ಲಿ. ಅಳಿಯಸಂತಾನದ ಕಟ್ಟಿನಲ್ಲಿ ಬೆಳೆದವನು ಆ ಕಟ್ಟು ಕಳಚಿ ಬಂದರೆ ನಾಳೆಯ ಗಂಜಿಗೆ ಏನು ಮಾಡಬೇಕು?

ಮಿಶನಿನ ಕೈಗಾರಿಕೆಗಳು ಹುಟ್ಟಿದ್ದರ ಹಿಂದೆ ಈ ಪ್ರಶ್ನೆಯಿದೆ. 1851ರಲ್ಲಿ ಬಂದ ಹಾಲರ್ ನೇಯ್ಗೆಯನ್ನು ಬೆಳೆಸಿದರು. ಖಾಕಿ ಬಣ್ಣ ಮೊದಲು ಸಿದ್ಧವಾದದ್ದು ಅವರ ನೇಯ್ಗೆಶಾಲೆಯಲ್ಲೇ ಎಂಬ ಹೆಗ್ಗಳಿಕೆ ಮಂಗಳೂರಿಗಿದೆ. ವ್ಯಾಪಾರ ನೋಡಿಕೊಳ್ಳಲು 1859ರಲ್ಲಿ ಮಿಶನಿನ ವ್ಯಾಪಾರ ಕಂಪನಿ ಸ್ಥಾಪನೆಯಾಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿಯ ಜೇಡಿಮಣ್ಣು ಹೇರಳ, ಸಾಗಿಸಲು ದೋಣಿ, ಸುಡಲು ಕಟ್ಟಿಗೆ, ಉದ್ಯಮ ಕೈಹಿಡಿಯಿತು. ಊರ ಹೊರಗಿನ ಜೆಪ್ಪುವಿನಲ್ಲೂ ಕ್ರೈಸ್ತ ಕುಟುಂಬಗಳ ವಸತಿ ಬೆಳೆದು ಅಲ್ಲೊಂದು ಸಭೆ ಮೂಡಿತು.

ಹೀಗೆ ಗಂಜಿಗೆ ದಾರಿಯಾಯಿತು. ಜೊತೆಗೇ ಒಂದು ತೊಡಕೂ ಹುಟ್ಟಿತು. ಕೂಲಿ ಕೊಡುವವನೂ ಪ್ರಸಂಗ ಮಾಡುವವನೂ ಒಂದೇ ಮನೆಯವರು. ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ತೊಡಗುತ್ತಿತ್ತು. ಕುಡಿದು ಸಿಕ್ಕಿಬಿದ್ದವನು ಸಭೆಯ ಹಿರಿಯರ ಮುಂದೆ ನಿಲ್ಲಬೇಕು. ‘ಹೊಟ್ಟೆಪಾಡಿಗೆ ಜಾತಿ ಬಿಟ್ಟವರು’ ಎಂದು ಹೊರಗಿನವರು ಆಡಿಕೊಂಡರು. ಈ ಆಶ್ರಯ ಸಭೆಯನ್ನು ಪರಾವಲಂಬಿ ಮಾಡೀತೇ ಎಂಬ ಅಳುಕು ಮಿಶನರಿಗಳಲ್ಲೂ ಇತ್ತು. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದ್ದೀತು. ಆದರೆ ಪೂರ್ತಿ ಸತ್ಯವಲ್ಲ. ಜಾತಿಯನ್ನು ಹೊಸ್ತಿಲಾಚೆ ಬಿಟ್ಟು ಬನ್ನಿ ಎಂದು ಬಾಸೆಲಿನವರು ಹಟ ಹಿಡಿದಿದ್ದರು. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಪಾತ್ರೆಯಿಂದ ಪ್ರಭುಭೋಜನ ಸ್ವೀಕರಿಸುವುದು ಆ ಕಾಲದ ಮಂಗಳೂರಿನಲ್ಲಿ ಸಣ್ಣ ಮಾತೇನಲ್ಲ. ಕೂಲಿಯ ಆಸೆಯೊಂದರಿಂದಲೇ ಅಷ್ಟು ದೂರ ನಡೆಯಲಾಗದು.

ಭಾಷೆಯ ವಿಷಯವೂ ಇದೆ. ಮನೆಯಲ್ಲಿ ತುಳು, ಸಭೆಯಲ್ಲಿ ತುಳು ಹಾಗೂ ಕನ್ನಡ. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಸಿದ್ಧವಾಯಿತು, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ ಬಂತು. ತುಳುವನ್ನು ಕನ್ನಡ ಲಿಪಿಯಲ್ಲಿ ಓದುವ ರೂಢಿ ಬೇರೂರಿದ್ದು ಈ ಮುದ್ರಣಾಲಯದ ಪುಸ್ತಕಗಳಿಂದ. 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಇಲ್ಲಿಯೇ ಅಚ್ಚಾಯಿತು. ಸುಮಾರು 70,000 ಪದಗಳ ಗ್ರಂಥ. ಕಿಟ್ಟೆಲರನ್ನು ನಾಡು ನೆನೆಯುತ್ತದೆ. ಆ ಪದಗಳಿಗೆ ಒಂದೊಂದಾಗಿ ಮೊಳೆ ಜೋಡಿಸಿದ ಕೈಗಳನ್ನು ನೆನೆಯುವವರು ಕಡಿಮೆ.

ನಿಜವಾದ ಪರೀಕ್ಷೆ ಬಂದದ್ದು 1914ರಲ್ಲಿ. ಮಹಾಯುದ್ಧ ಆರಂಭವಾಯಿತು. ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ ಪಾದ್ರಿಗಳು ಒಮ್ಮೆಗೇ ಶತ್ರು ದೇಶದವರಾದರು. ಅವರನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಕಳುಹಿಸಲಾಯಿತು. ವ್ಯಾಪಾರ ಕಂಪನಿಯ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡಿತು. 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹಂಚು, ಬಟ್ಟೆಯ ಕಾರ್ಖಾನೆಗಳು ಹೋದವು. ದಶಕಗಳ ಕಾಲ ಒಂದೇ ಕೈಯಲ್ಲಿದ್ದ ಅನ್ನ ಮತ್ತು ಪ್ರಾರ್ಥನೆ ಹೀಗೆ ಬೇರೆಬೇರೆಯಾದವು.

ಹೊಟ್ಟೆಪಾಡಿನ ಸಭೆ ಎಂಬ ಮಾತು ಪೂರ್ತಿ ನಿಜವಾಗಿದ್ದರೆ ಬಲ್ಮಠದ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸ್ಥಳೀಯ ಸಭಾಪಾಲಕರು, ಹಿರಿಯರು, ಶಾಲೆಯ ಮೇಷ್ಟ್ರುಗಳು ಸಭೆಯ ಹೊಣೆ ಹೆಚ್ಚುಹೆಚ್ಚಾಗಿ ಹೊತ್ತರು. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಬಾಸೆಲಿನವರು ಮರಳಿದಾಗ ಕಾಲ ಬದಲಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಮತ್ತೆ ಬಂಧನಕ್ಕೊಳಗಾದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಸ್ಥಾಪನೆಯಾಯಿತು. ಕರಾವಳಿಯ ಬಾಸೆಲ್ ಸಭೆಗಳು ಆ ಐಕ್ಯದಲ್ಲಿ ಸೇರಿಹೋದವು. 1970ರಲ್ಲಿ ಕರ್ನಾಟಕ ದಕ್ಷಿಣ ಸಭಾಪ್ರಾಂತ ರೂಪುಗೊಂಡಾಗ ಮಂಗಳೂರೇ ಅದರ ಕೇಂದ್ರವಾಯಿತು.

ಕಾಂಕ್ರೀಟ್ ಛಾವಣಿ ಬಂದ ಮೇಲೆ ಮಂಗಳೂರಿನ ಅನೇಕ ಹಂಚಿನ ಕಾರ್ಖಾನೆಗಳು ಬಾಗಿಲು ಹಾಕಿದವು. ಹಳೆಯ ಸೆಮಿನರಿ 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಅಲ್ಲಿನ ಗ್ರಂಥಭಂಡಾರದಲ್ಲಿ ಮಿಶನಿನ ಹಳೆಯ ಪುಸ್ತಕ, ದಾಖಲೆಗಳನ್ನು ಕಾಪಾಡಿಕೊಂಡು ಬರಲಾಗಿದೆ. ಕಸುಬು, ಕುಟುಂಬ, ಊರು ಬಿಟ್ಟು ಗುಡ್ಡ ಹತ್ತಿದವರ ಚರಿತ್ರೆಗೆ ಅವು ಆಧಾರ.

ಆಸರೆ ಕೊಟ್ಟವರು ಹೋದ ಮೇಲೂ ನಿಂತ ಸಭೆ ಯಾರದು ಎಂದು ಕೇಳಿದರೆ ಉತ್ತರ ಸರಳ. ಅದು ಬಾಸೆಲಿನದಲ್ಲ, ಅದರ ಬೆಂಚುಗಳಲ್ಲಿ ಕುಳಿತವರದು. ಮುಂದೊಮ್ಮೆ ಹಳೆಯ ಹಂಚೊಂದು ಕೈಗೆ ಸಿಕ್ಕಿದರೆ ಅದರ ಮೇಲಿನ ಹೆಸರನ್ನು ಓದಿ. ಹೆಸರು ಕೆತ್ತಿಸದೆ ಹೋದವರನ್ನೂ ಒಂದು ಗಳಿಗೆ ನೆನೆಯಿರಿ.